ಯುದ್ಧಕಾಲದ ಭಯವನ್ನು ಕುಣಿದು ತೋರಿಸುವಾಗ ಸೈರನ್ ಹಾಕಬೇಕೇ, ಬೇಡವೇ?

ಮುಳಬಾಗಿಲು ಪಿ.ಟಿ. ಟೀಚರ್ ಕೇಳಿದ್ದು:

ನಾನು ಮುಳಬಾಗಿಲು ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಶಾಸ್ತ್ರೀಯವಾಗಿ ನೃತ್ಯ ಕಲಿತವಳಲ್ಲ. ಕವಾಯತು, ಕೋಲಾಟ, ಲೇಜಿಮ್, ಒಂದು ಸೀಟಿ, ಇಷ್ಟೇ ನನ್ನ ಬಂಡವಾಳ. ನಮ್ಮಲ್ಲಿ ಓದಿ ಹೋದ ಹನ್ನೊಂದು ಹುಡುಗಿಯರು, ಪಕ್ಕದ ಊರಿನ ಇಬ್ಬರು ತಮಟೆ ಕಲಾವಿದರು, ಮೊಬೈಲ್‌ನಲ್ಲಿ ಶಬ್ದ ಹಿಡಿದು ಜೋಡಿಸುವ ಒಬ್ಬ ಐ.ಟಿ.ಐ. ಹುಡುಗ, ಎಲ್ಲರೂ ಸೇರಿ ನಲವತ್ತು ನಿಮಿಷದ ಒಂದು ಪ್ರಯೋಗ ಕಟ್ಟುತ್ತಿದ್ದೇವೆ. ಮಾತಿಲ್ಲ, ಹಾಡಿಲ್ಲ, ಕುಣಿತ ಮತ್ತು ಸದ್ದು. ಯುದ್ಧ ನಡೆಯುತ್ತಿರುವಾಗ ರಣರಂಗದಲ್ಲಿ ಇಲ್ಲದ ಜನ ಹೇಗೆ ಹೆದರುತ್ತಾರೆ, ಹೆದರಿದಾಗ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೋ ತಳ್ಳುತ್ತಾರೋ ಎನ್ನುವುದು ವಿಷಯ.

ಇದು ತಲೆಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಪಾಕಿಸ್ತಾನದ ಜೊತೆ ಸಂಘರ್ಷ ಎದ್ದು, ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಎಂದರಲ್ಲ, ಆ ವಾರ. ಗಡಿಯೆಲ್ಲಿ, ಮುಳಬಾಗಿಲೆಲ್ಲಿ! ಆದರೂ ನಮ್ಮ ಬೀದಿಯಲ್ಲಿ ಒಂದು ಮನೆಗೆ ಮಾತ್ರ ಯುದ್ಧ ಬಂದೇ ಬಂದಿತ್ತು. ನಮ್ಮ ತಂಡದ ಹುಡುಗಿಯೊಬ್ಬಳ ಅಣ್ಣ ಸೈನ್ಯದಲ್ಲಿದ್ದಾನೆ, ಆಗ ಜಮ್ಮು ಕಡೆ ಇದ್ದ. ಅವಳು ಕರೆ ಮಾಡಿದಾಗಲೆಲ್ಲ ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಹೆಣ್ಣು ದನಿ. ಅದೇ ಹೊತ್ತಿಗೆ ಪಕ್ಕದ ಮನೆಯ ಟಿ.ವಿ.ಯಲ್ಲಿ ಸ್ಟುಡಿಯೋದೊಳಗೇ ಸೈರನ್ ಊದಿಸಿಕೊಂಡು ನಿರೂಪಕರು ಕೂಗುತ್ತಿದ್ದರು. ಒಂದು ಗೋಡೆಯ ಈಚೆಗೆ ಅದು ಭಯ, ಆಚೆಗೆ ಮನರಂಜನೆ. ಆ ಗೋಡೆಯನ್ನೇ ಕುಣಿಯಬೇಕು ಅನ್ನಿಸಿತು.

ಈವರೆಗೆ ಕಟ್ಟಿರುವುದು ಹೀಗಿದೆ. ರಂಗದ ಮೇಲೆ ಟೊಮೆಟೊ ಕ್ರೇಟ್‌ಗಳು ಬಿಟ್ಟು ಬೇರೇನೂ ಇಲ್ಲ. ಕೋಲಾರದ ಮಾರುಕಟ್ಟೆಗೆ 15 ಕೆ.ಜಿ. ತುಂಬಿ ಹೋಗುವ ಅವೇ ಪ್ಲಾಸ್ಟಿಕ್ ಕ್ರೇಟ್‌ಗಳು, ಊರಿನಲ್ಲಿ ಕೇಳಿದವರೆಲ್ಲ ಕೊಟ್ಟರು. ಮೊದಲು ಅವು ಮನೆ, ಆಮೇಲೆ ಗೋಡೆ, ಆಮೇಲೆ ನೆಲಮಾಳಿಗೆ. ಖಾಲಿ ಕ್ರೇಟನ್ನು ಸಿಮೆಂಟ್ ನೆಲದ ಮೇಲೆ ನಿಧಾನವಾಗಿ ಎಳೆದರೆ ಬರುವ ಗುಡುಗುಡು, ದೂರದ ವಿಮಾನದ ಸದ್ದಿಗೆ ಬಹಳ ಹತ್ತಿರ. ಐ.ಟಿ.ಐ. ಹುಡುಗ ಡೌನ್‌ಲೋಡ್ ಮಾಡಿದ ವಿಮಾನಕ್ಕಿಂತ ಇದೇ ಮೇಲು.

ನಡುಭಾಗಕ್ಕೆ ಲಂಡನ್ನಿನ ಒಂದು ಘಟನೆ ಇಟ್ಟುಕೊಂಡಿದ್ದೇನೆ. 1943ರ ಮಾರ್ಚ್ 3ರ ರಾತ್ರಿ, ಬೆತ್ನಲ್ ಗ್ರೀನ್ ಎಂಬ ಸುರಂಗ ರೈಲು ನಿಲ್ದಾಣ. ಅದನ್ನು ಜನ ಆಶ್ರಯತಾಣವಾಗಿ ಬಳಸುತ್ತಿದ್ದರು. ಸೈರನ್ ಆಯಿತು, ಎಲ್ಲರೂ ಅಭ್ಯಾಸವಿದ್ದಂತೆ ಸಾಲಾಗಿಯೇ ಇಳಿಯುತ್ತಿದ್ದರು. ಅಷ್ಟರಲ್ಲಿ ಹತ್ತಿರದ ಉದ್ಯಾನದಿಂದ ತಮ್ಮದೇ ಸೈನ್ಯದ ಹೊಸ ವಿಮಾನ ನಿರೋಧಕ ರಾಕೆಟ್‌ಗಳು ಹಾರಿದವು. ಆ ಸದ್ದನ್ನು ಯಾರೂ ಮೊದಲು ಕೇಳಿರಲಿಲ್ಲ. ಹಿಂದಿನವರು ನುಗ್ಗಿದರು, ಮಂದ ಬೆಳಕಿನ ಒದ್ದೆ ಮೆಟ್ಟಿಲಿನ ಕೆಳಗೆ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಎಡವಿದಳು. 173 ಜನ ಸತ್ತರು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ಇದನ್ನು ಹೇಳಿದಾಗ ಹುಡುಗಿಯರು ಕೇಳಿದ ಮೊದಲ ಪ್ರಶ್ನೆ ‘ಮಗುವಿಗೆ ಏನಾಯಿತು?’ ಎಂದು. ಮೆಟ್ಟಿಲ ಭಾಗವನ್ನು ಕ್ರೇಟ್‌ಗಳ ಮೇಲೆ ಮಾಡುತ್ತೇವೆ, ಬಹಳ ನಿಧಾನವಾಗಿ, ಯಾರೂ ಬೀಳದೆ. ಬೀಳುವುದನ್ನು ತೋರಿಸುವುದು ನನಗೆ ಇಷ್ಟವಿಲ್ಲ.

ಈಗ ಪ್ರಶ್ನೆ. ಹುಡುಗ ನಾಗರಿಕ ರಕ್ಷಣೆಯ ನಿಜವಾದ ಸೈರನ್ ತಂದಿದ್ದಾನೆ: ಏರಿ ಇಳಿದು ಏರಿ ಇಳಿದು ಬಂದರೆ ಅಪಾಯ, ಒಂದೇ ಮಟ್ಟದಲ್ಲಿ ಎಳೆದರೆ ಅಪಾಯ ಕಳೆಯಿತು. ಶನಿವಾರದ ಅಭ್ಯಾಸದಲ್ಲಿ ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದೆವು. ಅಡುಗೆ ಕೋಣೆಯಲ್ಲಿದ್ದ ಬಿಸಿಯೂಟದ ಅಕ್ಕ ಸೌಟು ಬಿಟ್ಟು ಅಂಗಳಕ್ಕೆ ಓಡಿ ಬಂದರು, ಮುಖದಲ್ಲಿ ರಕ್ತವಿಲ್ಲ. ಅವರ ತವರು ಕೆಜಿಎಫ್. ಮತ್ತೆ ಒಳಗೆ ಹೋದರು, ಏನೂ ಹೇಳಲಿಲ್ಲ, ಅಂದು ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಸೈರನ್ ಇರಬೇಕೇ? ಇಲ್ಲದಿದ್ದರೆ ಅದರ ಜಾಗಕ್ಕೆ ಏನು? ಇನ್ನೊಂದು ಅನುಮಾನ: ಕೊನೆಗೆ ಎಲ್ಲರೂ ಕೈಹಿಡಿದು ಸುತ್ತುತ್ತಾರೆ, ತಮಟೆ ಜೋರಾಗುತ್ತದೆ, ಮುಗಿಯುತ್ತದೆ. ನೋಡಲು ಚೆನ್ನಾಗಿದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಬರುತ್ತಿಲ್ಲ. ಪ್ರದರ್ಶನ ಶಾಲೆಯ ಬಯಲಿನಲ್ಲಿ, ಸಂಜೆ ಏಳರ ನಂತರ. ಪಕ್ಕದಲ್ಲೇ ಹೆದ್ದಾರಿ, ಚೆನ್ನೈ ಲಾರಿಗಳ ಹಾರ್ನ್ ಹೇಗೂ ಇರುತ್ತದೆ.

ಮಾರಿಕುಪ್ಪಂ ಲೋಕಲ್ ಉತ್ತರ:

ಟೀಚರ್, ನಿಮ್ಮ ಬಿಸಿಯೂಟದ ಅಕ್ಕ ಯಾಕೆ ಓಡಿ ಬಂದರೆಂದು ನಾನು ಹೇಳಬಲ್ಲೆ. ನಮ್ಮ ತಂದೆ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು.

ನಮ್ಮಲ್ಲಿ ಸಂಗು, ಅಂದರೆ ಗಣಿಯ ಸೈರನ್, ಊದಿದರೆ ಪಾಳಿ ಬದಲು. ದಿನಕ್ಕೆ ಇಷ್ಟು ಸಲ, ಇಷ್ಟು ಹೊತ್ತಿಗೆ. ಗಡಿಯಾರ ಇಲ್ಲದ ಮನೆಗಳೂ ಅದರ ಮೇಲೆ ನಡೆಯುತ್ತಿದ್ದವು. ಊದಬಾರದ ಹೊತ್ತಿನಲ್ಲಿ ಊದಿದರೆ ಕೆಳಗೆ ಏನೋ ಆಗಿದೆ ಎಂದರ್ಥ. ಆ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಅದಿರು ತೆಗೆದಂತೆಲ್ಲ ಸುತ್ತಲಿನ ಬಂಡೆಯ ಮೇಲೆ ಒತ್ತಡ ಕೂಡುತ್ತಾ ಹೋಗಿ, ಒಂದು ದಿನ ಬಂಡೆ ತಾನಾಗಿಯೇ ಸಿಡಿಯುತ್ತದೆ. ಮೇಲೆ ನಮ್ಮ ಲೈನ್ ಮನೆಗಳಲ್ಲಿ ನೆಲ ಒಮ್ಮೆ ಅದುರುತ್ತಿತ್ತು, ಅಟ್ಟದ ಪಾತ್ರೆ ಗಲಗಲ ಎನ್ನುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಳು ಇಲ್ಲ, ಕೂಗು ಇಲ್ಲ. ಎಲ್ಲರ ಮುಖವೂ ಗಣಿಗೆ ಇಳಿಯುವ ಶಾಫ್ಟಿನ ಮೇಲಿನ ಚಕ್ರದ ಕಡೆಗೆ. ಚಕ್ರ ತಿರುಗಿದರೆ ಜನರನ್ನು ಹೊತ್ತ ಪಂಜರ ಮೇಲೆ ಬರುತ್ತಿದೆ. ಅದರಲ್ಲಿ ಯಾರು ಬರುತ್ತಾರೆ ಎಂಬುದು ಬೇರೆ ಪ್ರಶ್ನೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೆ ಆ ಕಿವಿಗಳು ಮುಚ್ಚಿಲ್ಲ. ಕೋಲಾರ ಜಿಲ್ಲೆಯಲ್ಲಿ ಆಡುವುದಾದರೆ ನಿಮ್ಮ ಪ್ರೇಕ್ಷಕರಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರಿಗೆ ನೀವು ತೋರಿಸಬೇಕೆಂದಿರುವ ಯುದ್ಧ ಕಾಣುವುದಿಲ್ಲ, ಗಣಿ ಕಾಣುತ್ತದೆ. ಅದು ಬೇಕಾದರೆ ಗಣಿಯ ಬಗ್ಗೆಯೇ ಮಾಡಿ, ನಾನೇ ಬಂದು ಕುಳಿತು ಹೇಳುತ್ತೇನೆ. ಯುದ್ಧದ ಬಗ್ಗೆ ಮಾಡುವುದಾದರೆ ಸೈರನ್ ಬಿಡಿ. ಅದರ ಬದಲು ಪಾತ್ರೆ ಗಲಗಲ ಎನ್ನಿಸಿ, ಆಮೇಲೆ ಹನ್ನೊಂದು ಹುಡುಗಿಯರೂ ಒಂದೇ ದಿಕ್ಕಿಗೆ ಮುಖ ತಿರುಗಿಸಿ ನಿಲ್ಲಲಿ. ಬಹಳ ಹೊತ್ತು ನಿಲ್ಲಲಿ, ಪ್ರೇಕ್ಷಕರಿಗೆ ಬೇಸರವಾಗುವಷ್ಟು. ಕಾಯುವುದೆಂದರೆ ಅದೇ ತಾನೆ.

ಶಬ್ದದ ಅಂಗಡಿ, ಬಂಗಾರಪೇಟೆ ಉತ್ತರ:

ನಾನು ಜಾತ್ರೆ, ಮದುವೆ, ನಾಟಕಗಳಿಗೆ ಮೈಕ್ ಸೆಟ್ ಹಾಕುವವನು. ನನ್ನ ಮತವೂ ಸೈರನ್ ಬೇಡ ಎಂಬುದೇ, ಕಾರಣ ಬೇರೆ. ನೀವು ಹೇಳಿದ ಆ ಟಿ.ವಿ. ಸೈರನ್ ನೆನಪಿದೆಯಲ್ಲ? 2025ರ ಮೇ 10ರಂದು ಕೇಂದ್ರ ಗೃಹ ಸಚಿವಾಲಯದ ಕಡೆಯಿಂದ ಮಾಧ್ಯಮಗಳಿಗೆ ಸೂಚನೆ ಹೋಯಿತು: ಜನರಿಗೆ ತಿಳಿವಳಿಕೆ ಕೊಡುವುದಕ್ಕಲ್ಲದೆ ಈ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ, ಕೇಳಿ ಕೇಳಿ ಜನ ನಿಜವಾದ ದಿನ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಂತಾಗಬಹುದು ಎಂದು. ಅದು ಹೋದದ್ದು ವಾಹಿನಿಗಳಿಗೆ, ನಿಮಗಲ್ಲ. ಕಾರಣ ಮಾತ್ರ ನಿಮಗೂ ಸಲ್ಲುತ್ತದೆ. ಅದೂ ಹೆದ್ದಾರಿ ಪಕ್ಕದ ಬಯಲಿನಲ್ಲಿ, ಕತ್ತಲಾದ ಮೇಲೆ. ಪೊಲೀಸರು ಬಂದು ಕೇಳಿದರೆ ಉತ್ತರ ನೀವೇ ಕೊಡಬೇಕು, ಸೆಟ್ ಹಾಕಿದವನೂ ಕೊಡಬೇಕು.

ಇನ್ನು ಕುಣಿತಕ್ಕೆ ಉಪಯೋಗವಾಗುವ ಒಂದು ವಿಷಯ. ದಿಢೀರೆಂದು ದೊಡ್ಡ ಸದ್ದಾದರೆ ಮೈ ಒಂದು ಕ್ರಮದಲ್ಲಿ ಬೆಚ್ಚುತ್ತದೆ: ಮೊದಲು ಕಣ್ಣಿನ ರೆಪ್ಪೆ, ಆಮೇಲೆ ಕುತ್ತಿಗೆ, ಭುಜ, ತೋಳು, ಕೊನೆಗೆ ಕಾಲು. ಎಲ್ಲ ಒಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಅದೇ ಕ್ರಮವನ್ನು ನಿಮ್ಮ ಹುಡುಗಿಯರು ಒಂದು ನಿಮಿಷಕ್ಕೆ ಹಿಗ್ಗಿಸಿ ಮಾಡಿದರೆ, ಯಾವ ಸದ್ದೂ ಇಲ್ಲದೆ, ನೋಡುವವರ ಕುತ್ತಿಗೆ ತಾನಾಗಿ ಕುಗ್ಗುತ್ತದೆ. ಸ್ಪೀಕರಿನಿಂದ ಬೆಚ್ಚಿಸುವುದು ಸುಲಭ, ಪಟಾಕಿ ಹಚ್ಚಿದರೂ ಬೆಚ್ಚುತ್ತಾರೆ.

ಸದ್ದು ಬೇಕೇ ಬೇಕು ಎಂದರೆ ರಷ್ಯಾದ ಲೆನಿನ್‌ಗ್ರಾಡ್ ನೆನಪಿಸಿಕೊಳ್ಳಿ. 1941ರ ಸೆಪ್ಟೆಂಬರಿನಿಂದ 1944ರ ಜನವರಿವರೆಗೆ ಆ ನಗರವನ್ನು ಜರ್ಮನರು ಮುತ್ತಿದ್ದರು. ಬೀದಿಗಳ ಧ್ವನಿವರ್ಧಕಗಳಲ್ಲಿ ಕಾರ್ಯಕ್ರಮ ಇಲ್ಲದಾಗ ಮೆಟ್ರೊನೋಮ್ ಎಂಬ ಲಯ ಹಿಡಿಯುವ ಯಂತ್ರದ ಟಿಕ್ ಟಿಕ್ ಮಾತ್ರ ಬರುತ್ತಿತ್ತು. ನಿಧಾನವಾಗಿ ಬಂದರೆ ಸದ್ಯಕ್ಕೆ ಕ್ಷೇಮ, ಬೇಗ ಬೇಗ ಬಂದರೆ ವಿಮಾನ ದಾಳಿ. ಸದ್ದೇ ಬರದಿದ್ದರೆ ಜನ ಇನ್ನೂ ಹೆದರುತ್ತಿದ್ದರು ಎನ್ನುವುದು ನನ್ನ ಊಹೆ. ತಮಟೆಯ ತೆಳು ಕಡ್ಡಿಯಿಂದ ಕ್ರೇಟಿನ ಅಂಚಿಗೆ ಹೊಡೆದರೆ ನಿಮಗೆ ಮೆಟ್ರೊನೋಮ್ ಸಿಕ್ಕಿತು. ಬಾಡಿಗೆಯೂ ಇಲ್ಲ.

ಶಿಡ್ಲಘಟ್ಟ ರೇಷ್ಮೆ ಮನೆ ಉತ್ತರ:

ಸಣ್ಣ ಸಲಹೆ. ನೆಲಮಾಳಿಗೆಯ ಭಾಗಕ್ಕೆ ರೇಷ್ಮೆ ಹುಳು ಮನೆಯ ಸದ್ದು ಹಿಡಿದು ನೋಡಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳುಗಳಿಗೆ ರಾತ್ರಿ ಸೊಪ್ಪು ಹಾಕಿ ದೀಪ ಆರಿಸಿದರೆ, ಹೆಂಚಿನ ಮೇಲೆ ಮಳೆ ಬಂದ ಹಾಗೆ ಕೇಳಿಸುತ್ತದೆ. ಗೊತ್ತಿಲ್ಲದವರಿಗೆ ಇದು ಏನೆಂದು ತಿಳಿಯುವುದಿಲ್ಲ, ಗೊತ್ತಿದ್ದವರಿಗೆ ಮನೆ ನೆನಪಾಗುತ್ತದೆ. ಮೊಬೈಲ್ ಹತ್ತಿರ ಇಟ್ಟು ಹಿಡಿಯಬೇಕು, ಫ್ಯಾನ್ ಆರಿಸಿರಬೇಕು.

ತಿಪಟೂರಿನ ಹಾರ್ಮೋನಿಯಂ ಮಾಸ್ತರ ಉತ್ತರ:

ಮೇಡಂ, ಬೇಸರಪಡಬೇಡಿ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿಯೇ ನನ್ನ ಕೂದಲು ನೆರೆತಿದೆ. ಮಾತಿಲ್ಲ, ಹಾಡಿಲ್ಲ, ನಲವತ್ತು ನಿಮಿಷ ಕ್ರೇಟ್ ಎಳೆಯುತ್ತೀರಿ ಎಂದರೆ ಹತ್ತನೇ ನಿಮಿಷಕ್ಕೆ ಅರ್ಧ ಜನ ಚುರುಮುರಿ ಗಾಡಿಯ ಹತ್ತಿರ ಇರುತ್ತಾರೆ. ಇದು ನನ್ನ ಭವಿಷ್ಯವಾಣಿ.

ಆದರೆ ಅದಕ್ಕಿಂತ ದೊಡ್ಡ ತೊಂದರೆಯೊಂದನ್ನು ಯಾರೂ ಹೇಳಲಿಲ್ಲ. ನಮ್ಮ ರಂಗದ ಮೇಲೆ ಯುದ್ಧ ಎಂದರೆ ಕುರುಕ್ಷೇತ್ರ. ಗುಬ್ಬಿ ನಾಟಕ ಕಂಪನಿ ಆನೆ ಕುದುರೆಗಳನ್ನೇ ವೇದಿಕೆಗೆ ತಂದಿತ್ತು. ಇವತ್ತಿಗೂ ಹಳ್ಳಿಯಲ್ಲಿ ರಾತ್ರಿಯಿಡೀ ಅದೇ ನಾಟಕ, ಭೀಮನ ಗದೆ, ದುರ್ಯೋಧನನ ಮೀಸೆ. ಅಷ್ಟೂ ಪಾತ್ರಗಳಲ್ಲಿ ಹೆದರುವವನು ಯಾರು? ವಿರಾಟಪರ್ವಕ್ಕೆ ಹೋದರೆ ಉತ್ತರಕುಮಾರ ಸಿಗುತ್ತಾನೆ, ಅವನು ಹಾಸ್ಯದ ಪಾತ್ರ. ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡಿದರೆ ಜನ ಬಿದ್ದು ಬಿದ್ದು ನಗುತ್ತಾರೆ. ಹೆದರಿಕೆಯನ್ನು ನೋಡಿ ನಗುವುದನ್ನು ನಾವೇ ತಲೆಮಾರುಗಟ್ಟಲೆ ಕಲಿಸಿದ್ದೇವೆ. ನಿಮ್ಮ ಹುಡುಗಿಯರು ಮುದುಡಿ ಕುಳಿತ ಕೂಡಲೇ ಹಿಂದಿನ ಸಾಲಿನ ಗಂಡಸರು ನಗುತ್ತಾರೆ, ಬರೆದಿಟ್ಟುಕೊಳ್ಳಿ.

ತಡೆಯಲು ಹೋಗಬೇಡಿ. ಮೊದಲ ಐದು ನಿಮಿಷ ನೀವೇ ನಗಿಸಿ. ಒಬ್ಬ ಹುಡುಗಿ ಉತ್ತರಕುಮಾರನಂತೆ ಜಂಬ ಕೊಚ್ಚಲಿ, ಓಡಲಿ. ಜನ ನಗಲಿ. ಅವಳು ಓಡಿ ಬಂದು ಅವಿತುಕೊಳ್ಳುವುದು ನಿಮ್ಮ ನೆಲಮಾಳಿಗೆಯಲ್ಲಿಯೇ ಆಗಲಿ. ಆಮೇಲೆ ನಗು ತಾನಾಗಿ ನಿಲ್ಲುತ್ತದೋ ಇಲ್ಲವೋ ನೋಡೋಣ. ಒಂದು ಹಾರ್ಮೋನಿಯಂ ಶ್ರುತಿಯನ್ನಾದರೂ ಇಟ್ಟುಕೊಳ್ಳಿ, ಬರಿಯ ಗುಡುಗುಡು ಕಿವಿಗೆ ಕಷ್ಟ.

ಚಿಂತಾಮಣಿ ಕಡೆ ತಮಟೆ ಉತ್ತರ:

ಟೀಚರಮ್ಮ, ಎಲ್ಲರೂ ಸದ್ದಿನ ಬಗ್ಗೆ ಹೇಳಿದರು. ಸದ್ದು ಮಾಡುವವನ ಬಗ್ಗೆ ನಾನು ಹೇಳುತ್ತೇನೆ.

ನಿಮ್ಮ ನೆಲಮಾಳಿಗೆಯಲ್ಲಿ ತಮಟೆಯವರಿಬ್ಬರು ಎಲ್ಲಿರುತ್ತಾರೆ? ರಂಗದ ಮೂಲೆಯಲ್ಲಿ ನಿಂತು ಬಡಿಯುತ್ತಾರೆ, ಹುಡುಗಿಯರು ಒಳಗೆ ಕೈಹಿಡಿದು ಸುತ್ತುತ್ತಾರೆ, ಅಲ್ಲವೇ? ನಮ್ಮ ಊರುಗಳಲ್ಲಿಯೂ ಹಾಗೆಯೇ. ಜಾತ್ರೆಗೆ ತಮಟೆ ಬೇಕು, ಸಾವಿಗೆ ಬೇಕು, ಡಂಗೂರಕ್ಕೆ ಬೇಕು. ಬಾರಿಸಿದವನು ಗುಡಿಯ ಹೊರಗೆ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಅದಾದ ಮೇಲೆ ನಮಗೆ ವೇದಿಕೆಗಳು ಹೆಚ್ಚಿವೆ, ಹಾರ ಹಾಕುತ್ತಾರೆ, ಸಂತೋಷ. ಬಾಂಬ್ ಬೀಳುವ ರಾತ್ರಿ ಊರಿನಲ್ಲಿ ಒಂದೇ ನೆಲಮಾಳಿಗೆ ಇದ್ದರೆ, ಯಾರ ಮನೆಯದು, ಕೇರಿಯವರು ಇಳಿಯಬಹುದೇ? ನಿಮ್ಮ ಕೊನೆಯ ಸುತ್ತಿನ ಮೇಲೆ ನಿಮಗೇ ನಂಬಿಕೆ ಬರುತ್ತಿಲ್ಲ ಎಂದಿರಲ್ಲ. ಇದಕ್ಕೇ ಇರಬಹುದು.

ಇನ್ನು ಕೆಲಸದ ಮಾತು. ನಿಮ್ಮ ಕಲಾವಿದರು ಫೈಬರ್ ತಮಟೆ ಬಳಸುತ್ತಿದ್ದರೆ ಬಿಡಿಸಿ, ಚರ್ಮದ್ದು ತರಿಸಿ. ಚರ್ಮದ ತಮಟೆ ತಣ್ಣಗಿದ್ದಾಗ ಸಡಿಲ, ಹೊಡೆದರೆ ದಪ್ ಎನ್ನುತ್ತದೆ, ದನಿ ಏಳುವುದಿಲ್ಲ. ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗಿಯಾಗಿ ಖಣ್ ಎನ್ನುತ್ತದೆ. ಆಟ ಶುರುವಾಗುವಾಗ ಕಾಯಿಸಲೇ ಬೇಡಿ. ತಣ್ಣನೆಯ ತಮಟೆಯಲ್ಲಿಯೇ ಅರ್ಧ ಆಟ ನಡೆಸಿ. ನಡುವೆ ಅವರು ರಂಗದ ಮೇಲೆಯೇ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಲಿ.

ಆದರೆ ಆಗ ಏನು ನಡೆಯುತ್ತಿದೆ? ಬ್ಲ್ಯಾಕ್‌ಔಟ್. ಬೆಳಕು ಕಂಡರೆ ವಿಮಾನಕ್ಕೆ ಊರು ಕಾಣುತ್ತದೆ. 1971ರ ಯುದ್ಧದಲ್ಲಿ ಕಿಟಕಿಗೆ ಕಾಗದ ಅಂಟಿಸಿ, ವಾಹನದ ದೀಪಕ್ಕೆ ಅರ್ಧ ಕಪ್ಪು ಬಳಿದಿದ್ದರಂತಲ್ಲ. ಒಳಗಿರುವವರು ಬೆಂಕಿ ಆರಿಸು ಎನ್ನುತ್ತಾರೆ. ಬೆಂಕಿ ಇಲ್ಲದೆ ತಮಟೆಗೆ ದನಿ ಇಲ್ಲ. ಅವನು ಏನು ಮಾಡಬೇಕು? ನಿಮ್ಮ ನಾಟಕ ಇಲ್ಲಿದೆ, ಲಂಡನ್ನಿನ ಮೆಟ್ಟಿಲಲ್ಲಿ ಅಲ್ಲ ಎಂದು ನನಗೆ ಅನ್ನಿಸುತ್ತದೆ.

ಮಾಸ್ತರರಿಗೆ ಒಂದು ಮಾತು: ಹಾರ್ಮೋನಿಯಂ ಬೇಡ. ತಮಟೆಯ ಪಕ್ಕದಲ್ಲಿ ಅದು ಕೇಳಿಸುವುದೂ ಇಲ್ಲ.

ಮುಳಬಾಗಿಲು ಪಿ.ಟಿ. ಟೀಚರ್ ಮತ್ತೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಈ ಉತ್ತರಗಳನ್ನು ಅಭ್ಯಾಸದಲ್ಲಿ ಗಟ್ಟಿಯಾಗಿ ಓದಿದೆ.

ಸೈರನ್ ತೆಗೆದಿದ್ದೇವೆ. ಅದರ ಜಾಗಕ್ಕೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಫೋನ್ ದನಿ ಬರುತ್ತದೆ, ಸ್ಪೀಕರಿನಿಂದಲ್ಲ, ಹನ್ನೊಂದು ಮೊಬೈಲ್‌ಗಳಿಂದ, ಸ್ವಲ್ಪ ಸ್ವಲ್ಪ ಹಿಂದೆ ಮುಂದೆ. ಅಣ್ಣ ಸೈನ್ಯದಲ್ಲಿರುವ ಹುಡುಗಿಯನ್ನು ಮೊದಲು ಕೇಳಿದೆ. ‘ಹಾಕಿ ಮೇಡಂ, ಆದರೆ ನನ್ನ ಮೊಬೈಲ್‌ನಿಂದ ಬೇಡ’ ಎಂದಳು. ಹಾಗಾಗಿ ಹತ್ತು. ಪಾತ್ರೆಯ ಗಲಗಲಕ್ಕೆ ಬಿಸಿಯೂಟದ ಅಕ್ಕನೇ ಸ್ಟೀಲ್ ತಟ್ಟೆಗಳನ್ನು ಕೊಟ್ಟಿದ್ದಾರೆ. ಎಷ್ಟು ಅದುರಿಸಬೇಕೆಂದು ಅವರೇ ಮಾಡಿ ತೋರಿಸಿದರು, ನಾವು ಮಾಡುತ್ತಿದ್ದುದು ಜಾಸ್ತಿಯಂತೆ.

ಲಂಡನ್ನಿನ ಮೆಟ್ಟಿಲು ಮಾತ್ರ ಬಿಡುವುದಿಲ್ಲ, ಕ್ಷಮಿಸಿ ಚಿಂತಾಮಣಿ ಅಣ್ಣ. ದೂರದ್ದು ಎಂದು ಅನ್ನಿಸಬಹುದು. 2022ರಲ್ಲಿ ಉಕ್ರೇನಿನ ಖಾರ್ಕಿವ್ ಮೆಟ್ರೊದಲ್ಲಿ ಜನ ತಿಂಗಳುಗಟ್ಟಲೆ ಮಲಗಿದ್ದರು, ರೈಲು ಮತ್ತೆ ಓಡಿದ್ದು ಮೇ 24ಕ್ಕೆ. ಅದೇ ಊರಿನಲ್ಲಿ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಿನಸಿ ತರಲು ಹೊರಗೆ ಹೋಗಿ ಶೆಲ್ ದಾಳಿಗೆ ಸತ್ತದ್ದು. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ದೂರ ಎನ್ನುವುದು ಅಷ್ಟು ದೂರವಲ್ಲ.

ಬೆಂಕಿಯ ಮಾತು ಓದಿದಾಗ ನಮ್ಮ ತಮಟೆಯವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅದು ಇರಲೇಬೇಕು ಎಂದರು. ಹೊರಗೆ ಉಳಿಯುವವರು ಯಾರು ಎಂಬುದಕ್ಕೆ ಮಾತ್ರ ಜಗಳವಾಯಿತು. ತಮಟೆಯವರ ಜೊತೆ ಒಬ್ಬ ಹುಡುಗಿಯೂ ಹೊರಗಿರಲಿ ಎಂದೆ. ಕೇರಿಯಿಂದ ಬರುವ ಹುಡುಗಿ ಒಬ್ಬಳು, ಬಹಳ ಚೆನ್ನಾಗಿ ಕುಣಿಯುವವಳು, ‘ನಾಟಕದಲ್ಲಿಯೂ ನಾವೇ ಹೊರಗೆ ನಿಲ್ಲಬೇಕೇ? ಈ ಸಲ ಗೌಡರ ಮನೆಯವಳು ನಿಲ್ಲಲಿ’ ಎಂದಳು. ಗೌಡರ ಮನೆಯವಳು ನಿಲ್ಲುತ್ತೇನೆ ಎಂದಳು, ಅವರ ಮನೆಯವರು ಏನೆನ್ನುತ್ತಾರೋ ಗೊತ್ತಿಲ್ಲ. ಕೊನೆಯ ಸುತ್ತು ಸದ್ಯಕ್ಕೆ ಇಲ್ಲ. ಅದರ ಜಾಗ ಖಾಲಿ ಇದೆ.

ಮಾಸ್ತರೇ, ಉತ್ತರಕುಮಾರ ಬಂದಿದ್ದಾನೆ. ನಗಿಸುತ್ತಿದ್ದಾನೆ ಕೂಡ. ಹಾರ್ಮೋನಿಯಂ ಬಂದಿಲ್ಲ.

ಬೆಂಕಿಗೆ ಒಂದು ಪ್ರಶ್ನೆ: ಸುತ್ತ ಪ್ಲಾಸ್ಟಿಕ್ ಕ್ರೇಟ್, ಹುಡುಗಿಯರ ದುಪ್ಪಟ್ಟಾ. ಮುಖ್ಯೋಪಾಧ್ಯಾಯರು ಒಪ್ಪಬೇಕಾದರೆ ಏನು ಹೇಳಲಿ?

ಚಿಂತಾಮಣಿ ಕಡೆ ತಮಟೆ ಉತ್ತರ:

ತೆಂಗಿನ ಗರಿ ಬೇಡ, ಕಿಡಿ ಹಾರುತ್ತದೆ. ಒಂದು ಹಿಡಿ ಒಣ ಹುಲ್ಲು ಸಾಕು, ಕಬ್ಬಿಣದ ಬಾಣಲೆಯೊಳಗೆ, ಕೆಳಗೆ ಮರಳು. ಕ್ರೇಟ್‌ಗಳು ಏಳೆಂಟು ಅಡಿ ದೂರದಲ್ಲಿರಲಿ, ಬೆಂಕಿಯ ಹತ್ತಿರ ಹೋಗುವವರು ದುಪ್ಪಟ್ಟಾ ಹಾಕುವುದೇ ಬೇಡ. ಎರಡು ಬಿಂದಿಗೆ ನೀರು ರಂಗದ ಮೇಲೆಯೇ ಇಡಿ. ಬೆಂಕಿ ಆರಿಸು ಎಂದು ಒಳಗಿನವರು ಕೂಗುತ್ತಾರಲ್ಲ, ಆ ನೀರು ಆಟಕ್ಕೂ ಆಯಿತು. ಗಾಳಿ ಜೋರಾಗಿದ್ದರೆ ಹಚ್ಚಬೇಡಿ.

ಭಾನುವಾರ ನನಗೆ ಮುಳಬಾಗಿಲಿನಲ್ಲಿ ಒಂದು ಮದುವೆಯ ಕೆಲಸ ಇದೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ಶಾಲೆ ಹೆದ್ದಾರಿಯ ಯಾವ ಕಡೆ ಬರುತ್ತದೆ ಎಂದು ತಿಳಿಸಿದರೆ ತಮಟೆಯ ಜೊತೆಗೆ ಬಾಣಲೆಯನ್ನೂ ತರುತ್ತೇನೆ. ಮುಖ್ಯೋಪಾಧ್ಯಾಯರನ್ನೂ ಇರಲು ಹೇಳಿ.